ಎಂಟೂವರೆಯ ಮೆಕ್ಕೆಜೋಳ

ಹೊನ್ನಾಳಿಯ ಹಾಲಸ್ವಾಮಿಯ ಸೈಕಲ್ ಅಂಗಡಿಯಲ್ಲಿ ನಾಗರತ್ನಳ ಎತ್ತರಕ್ಕೆ ಹೊಂದುವ ಸೈಕಲ್‌ಗಳು ಎರಡೇ ಇದ್ದವು. ಒಂದು ಕಪ್ಪು ರೋಡ್ ಸೈಕಲ್: ಬಾಗಿದ ಹ್ಯಾಂಡಲ್, ಇಪ್ಪತ್ತೈದು ಮಿಲಿಮೀಟರ್ ಟಯರು, ತೂಕ ಹತ್ತು ಕಿಲೋ. ಇನ್ನೊಂದು ಕೆಂಪು ಮೌಂಟೇನ್ ಸೈಕಲ್: ಟಯರಿನ ಅಗಲ ಎರಡು ಇಂಚು, ತೂಕ ಹದಿನೈದು ಕಿಲೋ. ಭಾನುವಾರದ ಆಯ್ಕೆ ಸ್ಪರ್ಧೆಗೆ ಒಂದು ಅವಳಿಗೆ, ಉಳಿದದ್ದು ಚನ್ನಗಿರಿಯ ರೂಪಶ್ರೀಗೆ. ಜಗಳೂರಿನಿಂದ ಶನಿವಾರ ಬೆಳಿಗ್ಗೆಯೇ ಬಂದಿಳಿದ ನಾಗರತ್ನಳಿಗೆ ಮೊದಲು ಆರಿಸುವ ಹಕ್ಕು ಸಿಕ್ಕಿತ್ತು.

ಹೊನ್ನಾಳಿಯಿಂದ ನ್ಯಾಮತಿಗೆ ಹೋಗಿ ಬರಬೇಕು. ಸುಮಾರು ಮೂವತ್ತೆರಡು ಕಿಲೋಮೀಟರ್, ಪೂರ್ತಿ ಡಾಂಬರು. ಮೊದಲು ಬಂದ ಒಬ್ಬಳೇ ರಾಜ್ಯಮಟ್ಟಕ್ಕೆ. ಕಳೆದ ವರ್ಷ ನಾಗರತ್ನ ಎರಡನೆಯವಳು. ಮುಂದಿನ ವರ್ಷ ಅವಳ ವಯಸ್ಸು ಮಿತಿ ದಾಟುತ್ತದೆ.

"ಇದ್ರಾಗೆ ಯೋಚ್ನೆ ಮಾಡಾಕೆ ಏನೈತೆ?" ಎಂದ ಅವಳ ಅಣ್ಣ ಪರಶುರಾಮ್. "ಟಾರ್ ರೋಡಿಗೆ ಕರೀದು. ಕೆಂಪುದು ಗುಡ್ಡ ಹತ್ತಾಕೆ."

"ಮೊದ್ಲು ರೋಡ್ ನೋಡ್ಕಂಡು ಬರಾಣ ನಡಿಯಣ್ಣ."

ದಾರಿ ನಡುವಿನ ಗೋವಿನಕೋವಿಯ ಹತ್ತಿರ ಅರ್ಧ ರಸ್ತೆ ಹಳದಿಯಾಗಿತ್ತು. ಒಣಗಲು ಹಾಕಿದ ಮೆಕ್ಕೆಜೋಳ ಉದ್ದಕ್ಕೆ ಹರಡಿತ್ತು. ಅಂಚಿಗೆ ಸಾಲಾಗಿ ಕಲ್ಲು. ಗಾದ್ರಮ್ಮ ಎಂಬ ಮುದುಕಿ ಕಾಲಿನಿಂದಲೇ ಕಾಳು ತಿರುವುತ್ತಿದ್ದಳು.

"ಎಷ್ಟೊತ್ತಿಗೆ ಹರವ್ತೀರಿ ಅಜ್ಜಿ?"

"ಮಂಜು ಆರಬೇಕಲ್ಲವ್ವ. ಸಂಜೆ ಗುಡ್ಡೆ ಮಾಡಿ ತಾಡಪಾಲು ಮುಚ್ತೀವಿ, ಬೆಳಿಗ್ಗೆ ಎಂಟೂವರೆಗೆ ಹರವೋದು. ಯಾಕೆ, ಕೊಳ್ಳಾಕೆ ಬಂದೀಯಾ?"

"ನಾಳೆ ಸೈಕಲ್ ರೇಸ್ ಐತೆ."

"ಕಾಳಿನ ಮ್ಯಾಲೆ ಹತ್ತಿಸಿದ್ರೆ ಚಕ್ರಕ್ಕೆ ಕೋಲು ಹಾಕ್ತೀನಿ, ನೋಡು ಮತ್ತೆ!"

ಅದೂ ಸೇರಿ ಅಲ್ಲಿಂದ ಹೊನ್ನಾಳಿಯವರೆಗೆ ಅಂಥ ನಾಲ್ಕು ಜಾಗಗಳನ್ನು ನಾಗರತ್ನ ಎಣಿಸಿದಳು. ಸಂಘಟಕರು ಹೇಳಿದಂತೆ ಬೆಳಿಗ್ಗೆ ಏಳಕ್ಕೆ ಬಿಟ್ಟರೆ ಎಂಟೂಕಾಲಿನೊಳಗೆ ಎಲ್ಲ ಮುಗಿಯುತ್ತದೆ; ರಸ್ತೆ ಖಾಲಿ, ಕಪ್ಪು ಸೈಕಲ್ಲೇ ಗೆಲ್ಲುತ್ತದೆ. ಮುಕ್ಕಾಲು ಗಂಟೆ ತಡವಾದರೆ ಸಣ್ಣ ಟಯರು ಕಾಳಿನ ಮೇಲೆ ಜಾರುತ್ತದೆ.

"ಹಾಲಸ್ವಾಮಣ್ಣ, ಏಳಕ್ಕೆ ಬಿಡ್ತಾರಾ?" ಎಂದು ಅಂಗಡಿಗೆ ಮರಳಿ ಕೇಳಿದಳು.

ಅವನು ಪಂಪು ಕೆಳಗಿಟ್ಟು ನಕ್ಕ. "ಅತಿಥಿ ಬರಬೇಕು, ಹಾರ ಹಾಕಬೇಕು, ಮೈಕು ಕೈಗೆ ಕೊಡಬೇಕು. ನೀನೇ ಹೇಳವ್ವ."

ನಾಗರತ್ನ ಕೆಂಪು ಸೈಕಲ್ ಹಿಡಿದಳು. ಪರಶುರಾಮ್ ಹಣೆ ಚಚ್ಚಿಕೊಂಡ.

ಭಾನುವಾರ ಅತಿಥಿಯ ಕಾರು ಆರು ಐವತ್ತಕ್ಕೇ ಬಂದು ನಿಂತಿತು!

ನಾಗರತ್ನ ಕೆಂಪು ಸೈಕಲ್ಲನ್ನು ಗೆರೆಗೆ ತಂದು ನಿಲ್ಲಿಸಿದಳು. ಪಕ್ಕದಲ್ಲಿ ಕಪ್ಪು ಸೈಕಲ್ ಹಿಡಿದ ರೂಪಶ್ರೀ, "ಗುಡ್ಡಕ್ಕೆ ಹೊಂಟೀಯೇನೇ?" ಎಂದು ಕಿಚಾಯಿಸಿದಳು. ಹಾರ ಬಿತ್ತು. ಏಳು ಗಂಟೆಗೆ ಅತಿಥಿ ಮೈಕು ಹಿಡಿದು, "ಎರಡೇ ಮಾತು," ಎಂದರು. ತಾವು ಶಾಲೆಗೆ ಬಾಡಿಗೆ ಸೈಕಲ್ ತುಳಿದ ಕಥೆ ಹೇಳಿ ಮುಗಿಸುವುದರಲ್ಲಿದ್ದರು.

ನಾಗರತ್ನ ಜೋರಾಗಿ ಚಪ್ಪಾಳೆ ತಟ್ಟಿದಳು. ಅರ್ಥವಾದ ಪರಶುರಾಮ್ ಸಿಳ್ಳೆ ಹಾಕಿದ. ಜನರೂ ಸೇರಿಕೊಂಡರು. ಅತಿಥಿಯ ಮುಖ ಅರಳಿತು. ಇನ್ನೊಂದು ಕಥೆ ಶುರುವಾಯಿತು. ಪ್ರತಿ ಕಥೆಯ ಕೊನೆಗೂ ಅಣ್ಣತಂಗಿ ಬಿಡಲಿಲ್ಲ. ರೂಪಶ್ರೀ ಬ್ರೇಕ್ ಹಿಂಡುತ್ತಾ ಗಡಿಯಾರ ನೋಡುತ್ತಿದ್ದಳು. ಬಾವುಟ ಬೀಸಿದಾಗ ಏಳು ನಲವತ್ತಾರು.

ಕಪ್ಪು ಸೈಕಲ್ ಬಾಣದಂತೆ ಹೋಯಿತು. ಗೋವಿನಕೋವಿಯಲ್ಲಿ ಜೋಳ ಇನ್ನೂ ತಾಡಪಾಲಿನ ಕೆಳಗಿತ್ತು. ನಾಗರತ್ನ ನ್ಯಾಮತಿ ಮುಟ್ಟುವ ಮೊದಲೇ ರೂಪಶ್ರೀ ತಿರುಗಿ ಎದುರು ಬಂದಳು. ಉಳಿದವರು ಬಹಳ ಹಿಂದೆ ಇದ್ದರು. ತೊಡೆ ಉರಿಯುತ್ತಿತ್ತು. ದಪ್ಪ ಟಯರು ಡಾಂಬರಿಗೆ ಅಂಟಿಕೊಂಡಂತೆ ಗುಂಯ್‌ಗುಡುತ್ತಿತ್ತು. ತಾನು ತಪ್ಪು ಮಾಡಿದೆನೇ?

ಮರಳಿ ಗೋವಿನಕೋವಿ ಕಂಡಾಗ ಎಂಟೂ ನಲವತ್ತು. ಜೋಳ ಹರಡಿತ್ತು! ಉಳಿದರ್ಧ ರಸ್ತೆಯನ್ನು ಎದುರು ಬಂದ ಟ್ರ್ಯಾಕ್ಟರು, ಅದರ ಹಿಂದೆ ಬಸ್ಸು ತುಂಬಿಕೊಂಡಿದ್ದವು. ಒಮ್ಮೆ ಜಾರಿ ಮೊಣಕೈ ತರಚಿಕೊಂಡ ರೂಪಶ್ರೀ ಒಂದು ಕಾಲು ಊರಿ ನಿಂತಿದ್ದಳು. ನಾಗರತ್ನ ಬ್ರೇಕ್ ಮುಟ್ಟಲಿಲ್ಲ. ಕಲ್ಲುಗಳ ಈಚೆಗೆ ಚೆಲ್ಲಿದ್ದ ಕಾಳಿನ ಮೇಲೆ ಚಟಚಟನೆ ಸಾಗಿದಳು. "ಏಯ್, ನಿನ್ನ ಮನೆ ಹಾಳಾಗ!" ಎಂದ ಗಾದ್ರಮ್ಮನ ಕೂಗು ಬೆನ್ನಿಗೆ ಬಿತ್ತು.

ಖಾಲಿ ರಸ್ತೆಯಲ್ಲಿ ರೂಪಶ್ರೀ ಹಿಂದಿನಿಂದ ಹತ್ತಿರವಾಗುತ್ತಿದ್ದಳು. ಜೋಳ ಬಂದಾಗ ದೂರವಾಗುತ್ತಿದ್ದಳು. ಎರಡನೆಯದು ದಾಟಿತು, ಮೂರನೆಯದೂ. ನಾಲ್ಕನೆಯದರ ಪಕ್ಕದ ಅರ್ಧ ರಸ್ತೆಯಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು; ನಾಗರತ್ನ ಕಾಳಿನ ಮೇಲೇ ದಾಟಿದಳು. ರೂಪಶ್ರೀ ಈ ಸಲ ಕಾಯಲಿಲ್ಲ. ಇಳಿದು, ಸೈಕಲ್ಲನ್ನೇ ಹೆಗಲಿಗೇರಿಸಿ, ರಸ್ತೆ ಪಕ್ಕದ ಮಣ್ಣಿನಲ್ಲಿ ಓಡಿದಳು. ಹತ್ತು ಕಿಲೋ ತಾನೇ! ಜನ ಹೋ ಎಂದರು.

ಊರು ಬಂತು. ಬೆನ್ನ ಹಿಂದೆ ಚೈನಿನ ಸದ್ದು. ನಾಗರತ್ನ ಪೆಡಲಿನ ಮೇಲೆ ಎದ್ದು ನಿಂತಳು. ಕಪ್ಪು ಚಕ್ರ ಅವಳ ಹಿಂದಿನ ಚಕ್ರಕ್ಕೆ ಸಮವಾಯಿತು, ಪೆಡಲಿಗೆ ಸಮವಾಯಿತು. ಅಷ್ಟರಲ್ಲಿ ಸುಣ್ಣದ ಗೆರೆ ಕೆಳಗೆ ಸರಿಯಿತು.

"ಜಗಳೂರು, ಅರ್ಧ ಸೈಕಲ್ ಅಂತರ!" ಎಂದು ತೀರ್ಪುಗಾರ ವಿರೂಪಾಕ್ಷಪ್ಪ ಕೂಗಿದರು. ಪರಶುರಾಮ್ ತಂಗಿಯನ್ನು ಸೈಕಲ್ ಸಮೇತ ಎತ್ತಲು ಹೋಗಿ, ಆಗದೆ, ಸುಮ್ಮನೆ ಕುಣಿದ.

ರೂಪಶ್ರೀ ರಸ್ತೆಯಲ್ಲೇ ಕೂತು ಏದುಸಿರು ಬಿಡುತ್ತಿದ್ದಳು. "ಏಳಕ್ಕೆ ಬಿಟ್ಟಿದ್ರೆ ನಿನ್ನ ಎಲ್ಲೋ ಬಿಟ್ಟು ಬರ್ತಿದ್ದೆ ಕಣೇ."

"ಗೊತ್ತು," ಎಂದಳು ನಾಗರತ್ನ, ಪಕ್ಕದಲ್ಲಿ ಕುಸಿದು ನಗುತ್ತಾ. "ಏಳಕ್ಕೆ ಬಿಡಾದಿಲ್ಲ ಅಂತ್ಲೇ ಇದನ್ನ ತಗಂಡಿದ್ದು."