ಏಳು ದಿನ ನೆನೆಸಿದ ಅಂತರಗಂಗೆ

ಶಿಗೆನೊ ನೀರಿನ ಮೇಲೆ ತೇಲುವ ಅಂತರಗಂಗೆ ಗಿಡದ ಬೇರುಗಳನ್ನು ಬಿಡಿಸಿ ಬಿಡಿಸಿ ತೊಳೆಯುತ್ತಿದ್ದಳು. ಮೀನಿನ ಹೊಲಸನ್ನೆಲ್ಲ ಆ ಬೇರು ಹೀರಿ ತೊಟ್ಟಿಯ ನೀರನ್ನು ತಿಳಿಯಾಗಿಡುತ್ತದೆ. ಜಪಾನಿನ ಕೋರಿಯಾಮಾ ಊರಿನಲ್ಲಿ ಬಂಗಾರದ ಮೀನು ಸಾಕುವವರು ನೆಚ್ಚುವುದು ಅದನ್ನೇ. ಆದರೆ ಅಂಗಡಿಯ ಗಿಡವನ್ನು ಏಳು ದಿನ ಬಕೀಟಿನಲ್ಲಿ ನೆನೆಸಿ, ಜೊತೆಗೆ ಎರಡು ಪುಡಿಮೀನು ಬಿಟ್ಟು, ಅವು ಬದುಕಿದರೆ ಮಾತ್ರ ತೊಟ್ಟಿಗೆ ಹಾಕುವವಳು ಆ ಬೀದಿಯಲ್ಲಿ ಅವಳೊಬ್ಬಳೇ.

"ಗಿಡದ ಮೇಲೂ ಅನುಮಾನವಾ ದೊಡ್ಡಮ್ಮ?" ಎನ್ನುತ್ತ ಚಿಗುಸಾ ಅಂಗಳಕ್ಕೆ ಬಂದಳು. ತಂಗಿ ಫುಕಿಯ ಮಗಳು. ಎಂಟು ವರ್ಷದಿಂದ ಈ ಕಡೆ ತಲೆ ಹಾಕಿರಲಿಲ್ಲ.

"ಔಷಧಿ ಹೊಡೆದಿರ್ತಾರೆ ಕಣೇ. ಮೀನು ಸತ್ತ ಮೇಲೆ ಅನುಮಾನಪಟ್ಟು ಏನು ಬಂತು?" ಅಂದವಳೇ ಶಿಗೆನೊ ನಾಲಿಗೆ ಕಚ್ಚಿಕೊಂಡಳು.

ಎಂಟು ವರ್ಷದ ಹಿಂದೆ ಹೊಸ ಗಿಡವನ್ನು ನೆನೆಸದೆ ತೊಟ್ಟಿಗೆ ಬಿಟ್ಟು, ಮನೆಯನ್ನು ಫುಕಿಗೆ ಒಪ್ಪಿಸಿ, ಬಿಸಿನೀರಿನ ಬುಗ್ಗೆಗೆ ಹೋಗಿದ್ದಳು. ಮರಳುವಷ್ಟರಲ್ಲಿ, ಸತ್ತ ಗಂಡ ಮೂವತ್ತು ವರ್ಷ ತಳಿ ಕೆಡದಂತೆ ಕಾಪಾಡಿದ್ದ ರಾಂಚು ತಳಿಯ ನಲವತ್ತು ಬಂಗಾರದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. "ಮೇವು ಸುರಿದು ಸುರಿದು ಕೊಂದೆಯಲ್ಲೇ!" ಎಂದು ಮೀನು ಸಾಕುವವರ ಸಂಘದ ಎದುರೇ ಕೂಗಿದ್ದಳು. ಫುಕಿ ಏಪ್ರನ್ ಬಿಚ್ಚಿ ಮಡಿಸಿಟ್ಟು, ಬಗ್ಗಿ ಕ್ಷಮೆ ಕೇಳಿ ಹೊರಟುಹೋದಳು.

ತಿಂಗಳೊಳಗೆ ಗಿಡದಂಗಡಿಯವನು, "ಅವು ಹೂವಿಗೆ ಅಂತ ಬೆಳೆಸಿದ್ದು. ಔಷಧಿ ಹೊಡೆದಿದೆ, ಮೀನಿಗೆ ಬೇಡ ಅಂತ ಚೀಟಿ ಅಂಟಿಸಿದ್ದೆನಲ್ಲ!" ಎಂದ. ತಪ್ಪು ನನ್ನದೇ ಎಂದು ಶಿಗೆನೊ ಅವತ್ತೇ ತಂಗಿಗೆ ಕಾಗದ ಬರೆದಳು. ಕಳಿಸಲಿಲ್ಲ. ಸಂಘದವರ ಮುಂದೆ ಆಡಿದ ಮಾತನ್ನು ಹೇಗೆ ನುಂಗುವುದು? ಕಾಗದ ಗಂಡನ ಪಟವಿದ್ದ ಪೂಜಾಪೆಟ್ಟಿಗೆಯ ಡ್ರಾಯರಿನಲ್ಲೇ ಉಳಿಯಿತು.

"ಅಮ್ಮ ಹೇಗಿದಾಳೆ?"

"ಮರೆವು ದೊಡ್ಡಮ್ಮ. ನನ್ನ ಹೆಸರೂ ನೆನಪಿಲ್ಲ. ನಿಮ್ಮ ಮೀನು ಮಾತ್ರ ಮರೆತಿಲ್ಲ. ವೃದ್ಧಾಶ್ರಮದ ನರ್ಸಮ್ಮಂದಿರ ಮುಂದೆಲ್ಲ ಬಗ್ಗಿ ಬಗ್ಗಿ, 'ನಾನೇ ಕೊಂದಿದ್ದು, ತಪ್ಪಾಯ್ತು' ಅಂತಾಳೆ. ಒಂದು ಸಲ ಬಂದು, 'ಹೋಗಲಿ ಬಿಡು, ಕ್ಷಮಿಸಿದೀನಿ' ಅಂದುಬಿಡಿ. ಅಷ್ಟು ಸಾಕು."

ಕ್ಷಮಿಸಬೇಕಂತೆ!

ನಿಜ ಹೇಳಲು ಬಾಯಿ ತೆರೆದಳು. "ಬರ್ತೀನಿ," ಎಂಬುದಷ್ಟೇ ಹೊರಬಂತು. ಚಿಗುಸಾ ಎರಡೂ ಕೈಯಲ್ಲಿ ಅವಳ ಒದ್ದೆ ಕೈ ಹಿಡಿದು, "ನೀವು ದೊಡ್ಡ ಮನಸ್ಸಿನವರು" ಎಂದು ಹೇಳಿ ಹೋದಳು.

ಹೋದರೆ 'ಕ್ಷಮಿಸಿದೀನಿ' ಎಂದೇ ಹೇಳಿ, ಚಹಾ ಕುಡಿದು, ಹಗುರಾಗಿ ಮರಳುತ್ತೇನೆಂದು ಶಿಗೆನೊಗೆ ಗೊತ್ತಿತ್ತು. ತನ್ನನ್ನು ಅವಳು ಅಷ್ಟು ಚೆನ್ನಾಗಿ ಬಲ್ಲಳು.

ಕೈ ಒರೆಸಿಕೊಂಡು ಡ್ರಾಯರು ಎಳೆದಳು. ಕಾಗದ ಹಳದಿಯಾಗಿತ್ತು. ಅದರ ಕೆಳಗೆ, "ಚಿಗುಸಾ, ಮೊದಲು ನೀನು ಓದು. ಆಮೇಲೆ ಅಮ್ಮನಿಗೆ ದಿನಾ ಓದಿ ಹೇಳು. ಆದರೂ ನಾನು ಬರಬಹುದು ಅನ್ನಿಸಿದರೆ ಕರೆ" ಎಂದು ಬರೆದಳು. ಹೊಸ ಲಕೋಟೆಗೆ ಚಿಗುಸಾಳ ವಿಳಾಸ ಹಾಕಿ, ಬೀದಿ ಮೂಲೆಯ ಕೆಂಪು ಅಂಚೆ ಡಬ್ಬಿಯವರೆಗೆ ಎಲ್ಲೂ ನಿಲ್ಲದೆ ನಡೆದು, ಒಳಗೆ ಹಾಕಿಬಿಟ್ಟಳು.