ನಿಂತು ಕೆಟ್ಟ ಗಾಡಿ

ನಾನು ಒಂದು ಏಳು ಸೀಟಿನ ಡೀಸೆಲ್ ಗಾಡಿ. ದೊಡ್ಡ ಕಾರ್ಖಾನೆಯೊಂದರಲ್ಲಿ ತಗಡು, ಗಾಜು, ರಬ್ಬರು, ತಂತಿ ಎಲ್ಲವೂ ಬೇರೆ ಬೇರೆ ದಿಕ್ಕಿನಿಂದ ಬಂದು ಸೇರಿ ನಾನಾದೆ. ಮೊದಲ ಸಲ ಎಂಜಿನ್ ಹೊತ್ತಿಕೊಂಡಾಗ ಮೈಯೆಲ್ಲ ಗಡಗಡ ನಡುಗಿತು. ಹೆದರಿದ್ದೆ. ಆ ನಡುಕವೇ ಜೀವ ಎಂಬುದು ಆಮೇಲೆ ತಿಳಿಯಿತು.

ನನ್ನ ಮೊದಲ ಒಡೆಯ ಬೆಳಗಾವಿಯ ಒಬ್ಬ ಗುತ್ತಿಗೆದಾರ. ಒಂದು ಕಡೆ ಕೂತು ಗೊತ್ತಿಲ್ಲದ ಮನುಷ್ಯ. ಅವನ ಜೊತೆ ಖಡಿ ರಸ್ತೆ, ಕೆಸರು, ಕಾಲುವೆ ದಂಡೆ ಎಲ್ಲ ತುಳಿದೆ. ಆಮೇಲೆ ಪ್ರವಾಸದ ಗಾಡಿ ಓಡಿಸುವವನೊಬ್ಬನ ಕೈಗೆ ಬಂದೆ. ಪಂಢರಪುರ, ತುಳಜಾಪುರ, ಶ್ರೀಶೈಲ ಎಂದು ಅವನು ನನಗೆ ಉಸಿರು ಬಿಡಲೂ ಬಿಡಲಿಲ್ಲ. ಸೀಟಿನ ಸಂದಿಯಲ್ಲಿ ಭಂಡಾರ, ಚುರುಮುರಿ, ಮಕ್ಕಳ ಬಳೆ ಚೂರು. ಎರಡೂವರೆ ಲಕ್ಷ ಕಿಲೋಮೀಟರು ದಾಟಿದ ಮೇಲೆ ಅವನು ಹೊಸ ಗಾಡಿ ಕೊಂಡು, ನನ್ನನ್ನು ಹಳೇ ಗಾಡಿ ಮಾರುವ ಅಂಗಳದಲ್ಲಿ ಬಿಟ್ಟುಹೋದ.

ಆ ಅಂಗಳಕ್ಕೆ ಒಂದು ದಿನ ಜಮಖಂಡಿಯಿಂದ ಚನ್ನವೀರಪ್ಪನವರು ಬಂದರು. ಇಡೀ ನೌಕರಿಯನ್ನು ಬಸ್ಸಿನ ಕಂಡಕ್ಟರಾಗಿ ಮುಗಿಸಿ ನಿವೃತ್ತರಾದವರು. ಜೊತೆಗೆ ಹೆಂಡತಿ ಸಾವಂತ್ರೆವ್ವ, ಮತ್ತು ಪರಿಚಯದ ಗಾಡಿ ರಿಪೇರಿ ಮೇಸ್ತ್ರಿ ದಾವಲಸಾಬ. ಚನ್ನವೀರಪ್ಪನವರು ಬಾನೆಟ್ಟಿನ ಸುತ್ತ ಓಡಾಡುತ್ತಿದ್ದರೆ ಸಾವಂತ್ರೆವ್ವ ನೇರವಾಗಿ ಬಾಗಿಲು ತೆಗೆದು ನಡುವಿನ ಸೀಟಿನಲ್ಲಿ ಕೂತರು. ಪಕ್ಕದ ಜಾಗವನ್ನು ಕೈಯಿಂದ ಸವರಿದರು.

"ಇಲ್ಲಿ ನಾ, ಇಲ್ಲಿ ನೀಲವ್ವ, ಆ ಕಡೆ ಕಸ್ತೂರಿ. ಸಣ್ಣಾಕಿ ಇಂದಿರಾ ಮುಂದ ಕೂಡ್ಲಿ, ಆಕಿಗಿ ವಾಂತಿ ಬರ್ತಾವು" ಎಂದು ತಮಗೆ ತಾವೇ ಹೇಳಿಕೊಂಡರು.

ನಾಲ್ವರು ಅಕ್ಕತಂಗಿಯರಲ್ಲಿ ಸಾವಂತ್ರೆವ್ವ ಹಿರಿಯರು. ನಾಲ್ವರನ್ನೂ ನಾಲ್ಕು ಊರಿಗೆ ಕೊಟ್ಟಿದ್ದರು. ಯಾರದೋ ಮದುವೆಯಲ್ಲಿ ಸೇರಿದರೂ ಒಬ್ಬಳು ಅಡಿಗೆ ಮನೆಯಲ್ಲಿ, ಒಬ್ಬಳು ಹಸೆಮಣೆ ಹತ್ತಿರ. ಎಲ್ಲರನ್ನೂ ಅವರವರ ಬಾಗಿಲಿಗೇ ಹೋಗಿ ಹತ್ತಿಸಿಕೊಂಡು, ಕೂಡಲಸಂಗಮಕ್ಕೆ ಹೋಗಿ, ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಬೇಕು. ಇದು ಅವರ ಆಸೆ. ಹೆಂಡತಿಯ ಈ ಆಸೆಗಾಗಿಯೇ ಚನ್ನವೀರಪ್ಪನವರು ನಿವೃತ್ತಿಯ ಹಣ ಕೈಗೆ ಬಂದ ಮೇಲೆ ಗಾಡಿ ಓಡಿಸಲು ಕಲಿತಿದ್ದರು.

ದಾವಲಸಾಬ ಕಿವಿಗೊಟ್ಟು ಎಂಜಿನ್ ಕೇಳಿ ತಲೆಯಾಡಿಸಿದ. "ಈಗಂತೂ ಛಲೋ ಐತ್ರಿ. ಆದ್ರ ಇಷ್ಟು ಓಡಿದ ಗಾಡಿಗೆ ಗ್ಯಾರಂಟಿ ಕೊಡಾಕ ಬರೂದಿಲ್ಲ. ಟರ್ಬೋ ಹೋಗಬಹುದು, ಕ್ಲಚ್ ಬರಬಹುದು, ಇಂಜೆಕ್ಟರ್ ಅಂತೂ ಕೇಳಬ್ಯಾಡ್ರಿ. ರಿಪೇರಿಗಂತ ಒಂದಿಷ್ಟು ರೊಕ್ಕ ತಗದಿಟ್ಟು ಗಾಡಿ ತಗೋರಿ."

ಅವನು ಹೇಳಿದ್ದು ಒಳ್ಳೆಯ ಮಾತೇ. ಆದರೆ ಚನ್ನವೀರಪ್ಪನವರ ಮುಖ ಆ ಹೊತ್ತಿಗೇ ಇಳಿದದ್ದನ್ನು ನನ್ನ ಪಕ್ಕದ ಕನ್ನಡಿಯಲ್ಲಿ ಕಂಡೆ. ನನ್ನ ಟರ್ಬೋ ಗಟ್ಟಿಯಿತ್ತು, ಕ್ಲಚ್ಚನ್ನು ಹಿಂದಿನವನು ಹೊಸದಾಗಿ ಹಾಕಿಸಿದ್ದ. ನನಗೆ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ.

ಜಮಖಂಡಿಯಲ್ಲಿ ಅವರ ಮನೆಯ ಪಕ್ಕದ ಬೇವಿನ ಮರದ ಕೆಳಗೆ ನನ್ನ ಜಾಗವಾಯಿತು. ಪೂಜೆ ಆಯಿತು, ನಿಂಬೆಹಣ್ಣು ತುಳಿದೆ. ಮುಂದಿನ ಸೋಮವಾರ ಬೆಳಿಗ್ಗೆ ಗೋಕಾಕಕ್ಕೆ ಹೋಗಿ ಮೊದಲು ನೀಲವ್ವನನ್ನು ಹತ್ತಿಸಿಕೊಳ್ಳುವುದೆಂದು ಗೊತ್ತಾಯಿತು. ಸಾವಂತ್ರೆವ್ವ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಕಟ್ಟಿಕೊಂಡು ಹತ್ತಿದರು.

ಮುಧೋಳ ಇನ್ನೂ ಮುಂದಿತ್ತು. ಹಿಂದಿನಿಂದ ಟಿಣ್ ಟಿಣ್ ಎಂದು ಸದ್ದು ಕೇಳಿಸಿತು. ಚನ್ನವೀರಪ್ಪನವರು ಗಕ್ಕನೆ ಬ್ರೇಕು ಒತ್ತಿ ಬದಿಗೆ ನಿಲ್ಲಿಸಿದರು. ಬಾನೆಟ್ ತೆಗೆದು ನೋಡಿದರು, ಬಗ್ಗಿ ಅಡಿಯಲ್ಲಿ ನೋಡಿದರು. ಅಷ್ಟರಲ್ಲಿ ಸಾವಂತ್ರೆವ್ವ ಹಿಂದಿನಿಂದ ಸ್ಟೀಲು ಡಬ್ಬಿಯೊಂದನ್ನು ಎತ್ತಿ ಹಿಡಿದು ನಕ್ಕರು.

"ಡಬ್ಬಿ ಐತ್ರೀ ಇದು! ಒಳಗ ಚಮಚ ಬಡಿಯಾಕತ್ತೈತಿ."

ಚನ್ನವೀರಪ್ಪನವರು ನಗಲಿಲ್ಲ. "ಇವತ್ತ ಡಬ್ಬಿ. ನಾಳೆ ಖರೇನ ಟರ್ಬೋ ಆದ್ರ? ನಾಕ ಮಂದಿ ಹೆಣ್ಮಕ್ಕಳನ್ನ ನಡುರಸ್ತೆದಾಗ ನಿಂದರಸಲೇನು?"

ಈ ಭಯ ಎಲ್ಲಿಂದ ಬಂದದ್ದೆಂದು ಅವರೇ ಹೆಂಡತಿಗೆ ಹೇಳುವಾಗ ಕೇಳಿಸಿಕೊಂಡೆ. ಬಸ್ಸು ಕೆಟ್ಟು ನಿಂತಾಗ ಡ್ರೈವರು ಗಾಡಿಯ ಕೆಳಗೆ ಹೋಗಿ ಮಲಗಿಬಿಡುತ್ತಾನೆ. ಜನ ಬೈಯುವುದು ಟಿಕೇಟು ಹರಿದುಕೊಟ್ಟವನನ್ನು. ಬಿಸಿಲಲ್ಲಿ ಹಸುಗೂಸು ಅಳುತ್ತಿರುತ್ತದೆ, ಯಾರದೋ ಪರೀಕ್ಷೆ, ಯಾರದೋ ಆಸ್ಪತ್ರೆ. ಎಷ್ಟೋ ಸಲ ಅವರು ಹಾಗೆ ಕೈಕಟ್ಟಿ ನಿಂತಿದ್ದರು. "ಇನ್ನ ನಿಂದ್ರೂದು ಸಾಧ್ಯ ಇಲ್ಲ ನನಗ" ಎಂದು ನನ್ನನ್ನು ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿದರು.

ಗೋಕಾಕದಲ್ಲಿ ನೀಲವ್ವ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳಂತೆ.

ಅಂದಿನಿಂದ ನನ್ನ ಬಾಳು ಮರದ ಕೆಳಗೆ. ಮೊದಮೊದಲು ಚನ್ನವೀರಪ್ಪನವರು ದಿನಾ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ರೋಗಿಯ ಎದೆಗೆ ಕಿವಿಯಿಟ್ಟ ಹಾಗೆ. ದಿನಕ್ಕೊಂದು ಹೊಸ ಸದ್ದು ಅವರಿಗೆ ಕೇಳಿಸುತ್ತಿತ್ತು. ದಾವಲಸಾಬ ಬಂದು "ಏನೂ ಇಲ್ರಿ, ಓಡಸ್ರಿ" ಎಂದರೆ ಅವನಿಗೂ ತಿಳಿಯಲಿಲ್ಲ ಎಂದುಕೊಳ್ಳುತ್ತಿದ್ದರು. ಆಮೇಲೆ ವಾರಕ್ಕೊಮ್ಮೆ ಆಯಿತು. ಆಮೇಲೆ ನೀಲಿ ತಾಡಪತ್ರಿ ಹೊದಿಸಿದರು. "ಓಡಿಸಿದಷ್ಟು ಸವೀತೈತಿ" ಎನ್ನುತ್ತಿದ್ದರು. ರಿಪೇರಿಗೆಂದು ತೆಗೆದಿಟ್ಟ ಹಣವನ್ನು ಬೇರೆ ಯಾವುದಕ್ಕೂ ಮುಟ್ಟುವಂತಿರಲಿಲ್ಲ.

ಸಾವಂತ್ರೆವ್ವ ಮಾತ್ರ ಮಧ್ಯಾಹ್ನ ತಾಡಪತ್ರಿಯ ಒಂದು ಮೂಲೆ ಎತ್ತಿ ಒಳಗೆ ಬರುತ್ತಿದ್ದರು. ನಡುವಿನ ಸೀಟಿನಲ್ಲಿ ಕಾಲು ಮಡಚಿ ಕೂತು ತಂಗಿಯರಿಗೆ ಫೋನು ಮಾಡುತ್ತಿದ್ದರು. ಹೆಚ್ಚಾಗಿ ನೀಲವ್ವನಿಗೆ.

"ಅಕ್ಕಾ, ಎಲ್ಲಿದ್ದೀ?"

"ಗಾಡ್ಯಾಗ ಅದೀನಿ."

"ಎಲ್ಲಿತನಕ ಬಂದೀ?"

"ಬೇವಿನ ಗಿಡದ ತನಕ" ಎಂದು ಇವರು ಅಂದರೆ ಇಬ್ಬರೂ ಬಿದ್ದು ಬಿದ್ದು ನಗುವರು. ನನ್ನ ಸೀಟಿನ ಸ್ಪ್ರಿಂಗು ಅಲುಗುವುದು. ಆ ನಗು ಕೇಳಿ ನನಗೆ ಈಗಲೇ ಹೊರಟುಬಿಡೋಣ ಅನಿಸುತ್ತಿತ್ತು. ಆದರೆ ಕೀಲಿ ತಿರುಗಿಸದೆ ಗಾಡಿ ಹೊರಡುವುದುಂಟೆ?

ಒಂದು ದಿನ ನೀಲವ್ವ ನಗಲಿಲ್ಲ. "ಎದ್ಯಾಗ ಬಿಗದಂಗ ಆಗ್ತೈತಿ ಅಕ್ಕಾ. ಡಾಕ್ಟರ್ ಗುಳಿಗಿ ಕೊಟ್ಟಾರ. ಸಂಗಮಕ್ಕ ಲಗೂನ ಹೋಗಿ ಬಂದಬಿಡೂಣು" ಎಂದಳು. ಆ ಸಂಜೆ ಸಾವಂತ್ರೆವ್ವ ಗಂಡನ ಮುಂದೆ ನಿಂತರು.

"ಈ ಗಾಡಿ ಬ್ಯಾಡ್ರಿ. ಬಾಡಿಗಿ ಗಾಡಿ ಮಾಡ್ಕೊಂಡು ಹೋಗೂಣು."

"ಮನಿ ಮುಂದ ಇಂಥಾ ಗಾಡಿ ನಿಂದರಸಿ ಬಾಡಿಗಿ ಗಾಡಿ ತರೂದೇನು? ಮಂದಿ ಏನಂದಾರು? ದೀಪಾವಳಿ ಆಗ್ಲಿ, ಒಮ್ಮೆ ಪೂರಾ ತೋರಿಸಿ ಹೋಗೂಣಂತ."

ಹೀಗೆ ನಾನು ಹೋಗಲೂ ಇಲ್ಲ, ಅವರನ್ನು ಹೋಗಗೊಡಲೂ ಇಲ್ಲ.

ಆ ಮಳೆಗಾಲದಲ್ಲಿ ಇಲಿಗಳು ಬಂದವು. ನನ್ನ ಬಾನೆಟ್ಟಿನೊಳಗೆ ಬೆಚ್ಚಗೆ ಗೂಡು ಕಟ್ಟಿ, ರಾತ್ರಿಯೆಲ್ಲ ತಂತಿ ಕಡಿದವು. ಬ್ಯಾಟರಿ ತಣ್ಣಗಾಯಿತು. ಬ್ರೇಕು ತುಕ್ಕು ಹಿಡಿದು ಗಾಲಿಗೆ ಅಂಟಿಕೊಂಡವು, ಟಾಯರು ನೆಲಕ್ಕೆ ಕೂತವು. ಕಡಿಯುವ ಹಲ್ಲಿನ ಸದ್ದು ನನಗೆ ಕೇಳುತ್ತಿತ್ತು. ಸದ್ದಿಗೆ ಅಷ್ಟು ಹೆದರುವ ಚನ್ನವೀರಪ್ಪನವರಿಗೆ ಅದೊಂದು ಕೇಳಲಿಲ್ಲ.

ದೀಪಾವಳಿಗೆ ಇನ್ನೂ ಸ್ವಲ್ಪ ದಿನ ಇರುವಾಗ, ಒಂದು ಬೆಳಿಗ್ಗೆ ಮನೆಯೊಳಗಿಂದ ಸಾವಂತ್ರೆವ್ವ ಚೀರಿದ ಸದ್ದು ಬಂತು. ನೀಲವ್ವ ಹೋಗಿಬಿಟ್ಟಿದ್ದಳು. ಚನ್ನವೀರಪ್ಪನವರು ಬನಿಯನ್ನಿನಲ್ಲೇ ಓಡಿ ಬಂದು ತಾಡಪತ್ರಿ ಕಿತ್ತೆಸೆದರು. ಒಳಗೆ ಕೂತು ಕೀಲಿ ತಿರುಗಿಸಿದರು. ನಾನು ಇದ್ದಬದ್ದ ಬಲವನ್ನೆಲ್ಲ ಕೂಡಿಸಿದೆ. ಕಟಕ್ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದರು. ಅದೂ ಇಲ್ಲ. ಓಣಿಯ ಗಂಡಸರು ಬಂದು ನೂಕಿದರು. ಗಾಲಿ ತಿರುಗಲಿಲ್ಲ, ನೆಲ ಕೆರೆದುಕೊಂಡು ಒಂದು ಮೊಳ ಜರುಗಿದೆ.

"ಯವ್ವಾ, ಹತ್ತು, ಬಸ್ ಸ್ಟ್ಯಾಂಡಿಗೆ ಬಿಡ್ತೀನಿ" ಎಂದು ಪಕ್ಕದ ಮನೆಯವನು ಬೈಕು ತಂದ. ಸಾವಂತ್ರೆವ್ವ ನನ್ನ ಕಡೆ ನೋಡದೆ ಹತ್ತಿ ಕೂತರು.

ಬಸ್ಸು ಸಿಕ್ಕು, ಇನ್ನೊಂದಕ್ಕೆ ಬದಲಿಸಿ ಅವರು ಗೋಕಾಕ ಮುಟ್ಟುವ ಹೊತ್ತಿಗೆ ಮಣ್ಣು ಮುಗಿಸಿ ಜನ ಮನೆಗೆ ಮರಳುತ್ತಿದ್ದರಂತೆ. ತಂಗಿಯ ಮುಖ ನೋಡಲು ಸಿಗಲಿಲ್ಲ. ಓಣಿಯ ಹೆಂಗಸರು ನನಗೆ ಒರಗಿ ನಿಂತು ಮಾತಾಡಿಕೊಂಡಾಗ ಈ ಸುದ್ದಿ ತಿಳಿಯಿತು. ಊರಿಗೆ ಮರಳಿದ ಸಾವಂತ್ರೆವ್ವ ಗಂಡನಿಗೆ ಒಂದು ಮಾತೂ ಬಿರುಸಾಗಿ ಆಡಲಿಲ್ಲ. ಆದರೆ ಮತ್ತೆಂದೂ ಒಳಗೆ ಬಂದು ಕೂರಲಿಲ್ಲ.

ಬೇಸಿಗೆಯಲ್ಲಿ ದಾವಲಸಾಬ ಬಂದು ನೋಡಿದ. ತಂತಿ, ಬ್ರೇಕು, ಟಾಯರು, ಡೀಸೆಲ್ ಟ್ಯಾಂಕು ಎಂದು ಅವನು ಹೇಳುತ್ತ ಹೋದ. ತೆಗೆದಿಟ್ಟ ಹಣ ಅದಕ್ಕೆ ಸಾಲುವಂತಿರಲಿಲ್ಲ. ಚನ್ನವೀರಪ್ಪನವರು ತಲೆಯಾಡಿಸಿ ಗುಜರಿಯವನನ್ನು ಕರೆಸಿದರು.

ಗುಜರಿಯವನು ಬೇರೆ ಬ್ಯಾಟರಿ ತಂದು ಹಚ್ಚಿ, ಕಡಿದ ತಂತಿಗಳನ್ನು ಅಲ್ಲಲ್ಲಿ ಜೋಡಿಸಿ ಕೀಲಿ ತಿರುಗಿಸಿದ. ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ, ನಾನು ಹೊತ್ತಿಕೊಂಡೆ. ಸದ್ದು ಓಣಿ ತುಂಬಿತು.

"ಏನ್ ಎಂಜಿನ್ ಐತ್ರೀ ಇದು! ಇನ್ನೂ ಎರಡು ಲಕ್ಷ ಓಡತಿತ್ತು" ಎಂದ ಅವನು.

ಚನ್ನವೀರಪ್ಪನವರು ನಿಂತಲ್ಲೇ ನಿಂತರು. ಸದ್ದು ಕೇಳಿ ಸಾವಂತ್ರೆವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ಅವರು ಹೆಂಡತಿಯ ಕಡೆ ತಿರುಗಿ, ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಹೇಳಿದರು: "ಚಾಲೂ ಆಗೈತಿ. ಬ್ರೇಕ್ ಬಿಡಿಸಿಕೊಂಡು ಹೋಗೂಣೇನು?"

"ಎಲ್ಲಿಗ್ರೀ?" ಎಂದರು ಸಾವಂತ್ರೆವ್ವ.

ಸಿಟ್ಟಿನಿಂದಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದ ಹಾಗೆ. ಗುಜರಿಯವನೇ ಎಂಜಿನ್ ಆರಿಸಿದ.

ಈಗ ನಾನು ಊರಾಚೆ ಗುಜರಿ ಅಂಗಳದಲ್ಲಿದ್ದೇನೆ. ಸರಪಳಿ ಕಟ್ಟಿ ನನ್ನ ಎಂಜಿನ್ ಎತ್ತಿ, ತರಕಾರಿ ಸಾಗಿಸುವ ಒಂದು ಗಾಡಿಗೆ ಕೂರಿಸಿದರು. ಬಾಯಿಲ್ಲದ ಜನ್ಮ ನನ್ನದು. ಇದ್ದಿದ್ದರೂ ಆ ಗಂಡ ಹೆಂಡತಿಗೆ ಈಗ ಏನು ಹೇಳುತ್ತಿದ್ದೆನೋ ತಿಳಿಯದು. ಬೆಳಗಿನ ಜಾವ ಆ ತರಕಾರಿ ಗಾಡಿ ಸಂತೆಗೆ ಹೊರಡುತ್ತದೆ. ಏರಿನಲ್ಲಿ ಗೇರು ಬದಲಿಸಿ, ಹೊರೆ ಹೊತ್ತು, ಒಂದು ಸಲವೂ ಮುಗ್ಗರಿಸದೆ ಹತ್ತಿ ಹೋಗುವುದು ಇಲ್ಲಿಗೂ ಕೇಳಿಸುತ್ತದೆ.