ತಳ ಕಾಣದ ನೀರಿಗೆ ಇಳಿಯಬೇಡಿ

ಸರ್ರ್... ಮೊರದಿಂದ ಅಕ್ಕಿ ಜಾರಿದಂಥ ಸಣ್ಣ ಸದ್ದು. ರಾತ್ರಿ ಬಹಳ ಹೊತ್ತಾಗಿತ್ತು. ಇಂದುಜಾ ಎದ್ದು ಕಿಟಕಿಯಿಂದ ನೋಡಿದಳು. ಹಿತ್ತಲಿನ ಈಜುಕೊಳದ ಅಂಚಿನಲ್ಲಿ ಮಾವ ರಂಗಸಾಮಿ ನಿಂತಿದ್ದರು. ಚೀಲದಿಂದ ಏನನ್ನೋ ನೀರಿಗೆ ಸುರಿಯುತ್ತಿದ್ದರು. ಕ್ಲೋರಿನ್ ಇರಬೇಕು ಎಂದುಕೊಂಡು ಅವಳು ಮಲಗಿದಳು. ನಿದ್ದೆ ಮಾತ್ರ ಬರಲಿಲ್ಲ.

ಬೆಳಿಗ್ಗೆ ನೋಡಿದರೆ ನೀರು ನಿನ್ನೆಗಿಂತ ಮಬ್ಬಾಗಿತ್ತು.

ತಿರುಪ್ಪೂರಿನ ಅಂಚಿನಲ್ಲಿರುವ ಆ ಮನೆಯವರು ಹಿಂದಿನ ತಲೆಮಾರಿನವರೆಗೆ ನೇಯ್ಗೆಯವರು. ಮಗ್ಗಗಳಿದ್ದ ಜಾಗದಲ್ಲಿ ಇಂದುಜಾ ಮತ್ತು ಅವಳ ಗಂಡ ಚಿಕ್ಕ ಈಜುಕೊಳ ಕಟ್ಟಿಸಿ ಮಕ್ಕಳಿಗೆ ಈಜು ಕಲಿಸುತ್ತಿದ್ದರು. ಬರುವ ಭಾನುವಾರದಿಂದ ಹೆಂಗಸರಿಗೂ ಒಂದು ತರಗತಿ. ಬೀದಿಯ ಹೆಂಗಸರನ್ನು ಒಪ್ಪಿಸಲು ಇಂದುಜಾ ಮನೆಮನೆ ತಿರುಗಿದ್ದಳು. ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವರು ಅವಳ ಅತ್ತೆ ವಳ್ಳಿಯಮ್ಮ. ಮಡತ್ತುಕುಳಂನ ತವರಿನಲ್ಲಿ ಹುಡುಗಿಯಾಗಿದ್ದಾಗ ಬಾವಿಗೆ ಧುಮುಕಿ ಈಜಿದವರು. ಮದುವೆಯಾದ ಮೇಲೆ ನೀರಿಗೆ ಇಳಿದೇ ಇರಲಿಲ್ಲ.

"ಏನು ಕಣ್ಣು, ಇದು ಕೊಳವಾ ಮಜ್ಜಿಗೆಯಾ?" ಎಂದು ಅವರು ನಕ್ಕರು. "ಒಂದಿಷ್ಟು ಕರಿಬೇವು ಹಾಕಿದ್ರೆ ಬೀದಿಗೆಲ್ಲ ಹಂಚಬಹುದು."

"ನಗಬೇಡಿ ಅತ್ತೆ. ತಳ ಕಾಣ್ತಿಲ್ಲ. ಯಾರಾದ್ರೂ ಮುಳುಗಿದ್ರೆ ಮೇಲೆ ನಿಂತವರಿಗೆ ಗೊತ್ತೇ ಆಗಲ್ಲ. ಹೀಗೇ ಇದ್ರೆ ಭಾನುವಾರ ನಾನು ಗೇಟು ತೆಗೆಯಲ್ಲ."

ವಳ್ಳಿಯಮ್ಮನ ನಗು ನಿಂತಿತು. "ಒಂದು ಸಲ ಬೇಡ ಅಂದ್ರೆ ಆ ಹೆಂಗಸರು ಮತ್ತೆ ಬರಲ್ಲಮ್ಮ. ಮನೇಲಿ ಬಿಡಬೇಕಲ್ಲ. ಆಮೇಲೆ ನಾನೊಬ್ಬಳೇ ಇಳಿದ್ರೆ ಈ ವಯಸ್ಸಲ್ಲಿ ಇವಳಿಗೇನು ಬಂತು ಅಂತಾರೆ."

ಇಂದುಜಾ ತಕ್ಷಣ ಶೋಭನಾಗೆ ಫೋನ್ ಮಾಡಿದಳು. ಇಬ್ಬರೂ ಕಾಲೇಜಿನ ಗೆಳತಿಯರು. ಶೋಭನಾ ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಈಜು ಕಲಿಸುತ್ತಾಳೆ, ಅಲ್ಲಿನ ಕೊಳವನ್ನೂ ನೋಡಿಕೊಳ್ಳುತ್ತಾಳೆ. ಮಧ್ಯಾಹ್ನದೊಳಗೆ ಬಸ್ಸಿನಲ್ಲಿ ಬಂದಿಳಿದಳು. ಕೈಯಲ್ಲಿ ನೀರು ಪರೀಕ್ಷೆ ಮಾಡುವ ಪುಟ್ಟ ಪೆಟ್ಟಿಗೆ.

ರಂಗಸಾಮಿ ಜಗುಲಿಯಿಂದಲೇ ಕೂಗಿದರು. "ಪರೀಕ್ಷೆ ಯಾಕೆ ಅಮ್ಮಣಿ? ಮೂಗಿಲ್ವಾ? ಕ್ಲೋರಿನ್ ಗಬ್ಬು ಹೊಡೀತಿದೆ. ಜಾಸ್ತಿ ಆಗಿದೆ. ಅದಕ್ಕೇ ನಾನು ದಿನಾ ರಾತ್ರಿ ಹೈಪೋ ಹಾಕ್ತಿದೀನಿ."

"ಹೈಪೋನಾ?" ಎಂದು ಗೆಳತಿಯರು ಒಟ್ಟಿಗೆ ಕೇಳಿದರು.

ರಂಗಸಾಮಿ ತಮ್ಮ ಆಯುಸ್ಸೆಲ್ಲ ಬ್ಲೀಚಿಂಗ್ ಪಟ್ಟರೆಯಲ್ಲಿ, ಅಂದರೆ ಬಟ್ಟೆ ಬಿಳುಪಾಗಿಸುವ ಕಾರ್ಖಾನೆಯಲ್ಲಿ, ಮೇಸ್ತ್ರಿಯಾಗಿದ್ದವರು. ಅಲ್ಲಿ ಬನಿಯನ್ ಬಟ್ಟೆಯನ್ನು ಕ್ಲೋರಿನ್ ನೀರಿನಲ್ಲಿ ಅದ್ದಿ ಬೆಳ್ಳಗೆ ಮಾಡುತ್ತಾರೆ. ಆಮೇಲೆ ಬಟ್ಟೆಯಲ್ಲಿ ಉಳಿದ ಕ್ಲೋರಿನ್ ತೆಗೆಯಲು ಕಲ್ಲುಸಕ್ಕರೆಯಂಥ ಹರಳು ಹಾಕುತ್ತಾರೆ. ಅದೇ ಹೈಪೋ. ವಾಸನೆ ಉಳಿದ ಒಂದು ತುಂಡು ಬಟ್ಟೆಯನ್ನೂ ರಂಗಸಾಮಿ ಹೊರಗೆ ಕಳಿಸಿದವರಲ್ಲ.

"ರಾತ್ರಿ ಯಾಕೆ ಮಾವ?"

"ಹಗಲಲ್ಲಿ ಹಾಕಿದ್ರೆ ನಿಮ್ಮ ಅತ್ತೆ ಸಕ್ಕರೆ ಅಂದ್ಕೊಂಡು ಜಗಳಕ್ಕೆ ಬರ್ತಾಳೆ."

"ಏನುಂಗ, ಸಕ್ಕರೆ ನೋಡದೇ ಇರೋಳಾ ನಾನು?" ಎಂದು ಒಳಗಿನಿಂದ, ಊರ ಮರ್ಯಾದೆಯ 'ಉಂಗ' ಬಿಡದೆ, ವಳ್ಳಿಯಮ್ಮನ ಉತ್ತರ ಬಂತು.

ಶೋಭನಾ ಕೊಳದ ನೀರನ್ನು ಗಾಜಿನ ಕೊಳವೆಗೆ ತುಂಬಿ ಒಂದು ಮಾತ್ರೆ ಹಾಕಿ ಅಲ್ಲಾಡಿಸಿದಳು. "ಕ್ಲೋರಿನ್ ಇದ್ರೆ ಗುಲಾಬಿ ಬಣ್ಣ ಬರಬೇಕು, ನೋಡಿ."

ಎಲ್ಲರೂ ನೋಡಿದರು. ಬಣ್ಣ ಬರಲಿಲ್ಲ.

"ಒಂದು ಚೂರೂ ಇಲ್ಲ ಅಪ್ಪಾ. ಕೊಳ ಕಾಯೋರೇ ಇಲ್ಲ. ಅದಕ್ಕೇ ಪಾಚಿ, ಕ್ರಿಮಿ ಬೆಳೆದು ನೀರು ಮಬ್ಬಾಗಿದೆ."

"ಹಾಗಾದ್ರೆ ಆ ವಾಸನೆ?"

"ಕೆಲಸಕ್ಕೆ ಬರೋ ಕ್ಲೋರಿನ್‌ಗೆ ಅಷ್ಟು ವಾಸನೆ ಇರಲ್ಲ. ಬೆವರು, ಮೂತ್ರ ಇದೆಲ್ಲ ಕ್ಲೋರಿನ್ ಜೊತೆ ಸೇರಿದಾಗ ಆ ಘಾಟು ಹುಟ್ಟುತ್ತೆ, ಕಣ್ಣು ಉರಿಯುತ್ತೆ. ವಾಸನೆ ಬಂತು ಅಂದ್ರೆ ಸಾಮಾನ್ಯವಾಗಿ ಕ್ಲೋರಿನ್ ಸಾಲದೇ ಹೋಗಿದೆ ಅಂತ. ಅದರ ಮೇಲೆ ತಲೇಲಿರೋ ಎಣ್ಣೆ, ಸೀಗೆಪುಡಿ ಥರ ತಿಕ್ಕೋ ಅರಪ್ಪು ಪುಡಿ ಬೇರೆ."

ವಳ್ಳಿಯಮ್ಮ ಸೆರಗು ಬಾಯಿಗಿಟ್ಟುಕೊಂಡರು. "ಶನಿವಾರ ಮೊಮ್ಮಗಳಿಗೆ ಎಣ್ಣೆ ಹಚ್ಚಿ, ಅರಪ್ಪು ತಿಕ್ಕಿ, ಅಲ್ಲೇ ತೊಳ್ಕೊ ಅಂತ ಕೊಳಕ್ಕೆ ಕಳಿಸೋಳು ನಾನೇ!"

"ಕೇಳಿದ್ಯಾ?" ರಂಗಸಾಮಿಗೆ ಹುರುಪು ಬಂತು. "ಆದ್ರೂ ಅಮ್ಮಣಿ, ವಾಸನೆ ಬರೋ ನೀರಿಗೆ ಇನ್ನೂ ಕ್ಲೋರಿನ್ ಹಾಕು ಅಂದ್ರೆ ನಾನು ನಂಬಲ್ಲ."

"ನಂಬಬೇಡಿ, ನೋಡಿ." ಶೋಭನಾ ಒಂದು ಲೋಟ ನಲ್ಲಿ ನೀರಿಗೆ ಒಂದು ಹನಿ ಕ್ಲೋರಿನ್ ಬಿಟ್ಟು ಮಾತ್ರೆ ಹಾಕಿದಳು. ನೀರು ಚೆಂದದ ಗುಲಾಬಿಯಾಯಿತು. "ಈಗ ನಿಮ್ಮ ಹೈಪೋ ಒಂದು ಹರಳು ನೀವೇ ಹಾಕಿ."

ರಂಗಸಾಮಿ ಹಾಕಿ ಕಲಕಿದರು. ಅವರ ಕಣ್ಣೆದುರೇ ಬಣ್ಣ ಮಾಯವಾಯಿತು.

"ಅಡೇಂಗಪ್ಪಾ!"

"ಬಟ್ಟೆಗೆ ಕ್ಲೋರಿನ್ ನೆಂಟ ಅಪ್ಪಾ, ಕೆಲಸ ಮುಗಿದ್ಮೇಲೆ ಕಳಿಸಲೇಬೇಕು. ನಿಮ್ಮ ಲೆಕ್ಕ ಸರಿ. ಆದ್ರೆ ಕೊಳಕ್ಕೆ ಅದು ವಾಚ್‌ಮ್ಯಾನ್. ಯಾವಾಗಲೂ ಇರಬೇಕು."

ರಂಗಸಾಮಿ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ದಿನಾ ರಾತ್ರಿ ವಾಚ್‌ಮ್ಯಾನ್‌ನ ಮನೆಗೆ ಕಳಿಸ್ತಿದ್ದೆ ಅನ್ನು" ಎಂದು ಕೊನೆಗೆ ತಾವೇ ನಕ್ಕರು. "ಸರಿ, ಏನು ಮಾಡಬೇಕು ಹೇಳು. ಭಾನುವಾರ ಗೇಟು ತೆಗೀಲೇಬೇಕು. ಇಲ್ಲದಿದ್ರೆ ಇವಳು ನನಗೆ ಅನ್ನ ಹಾಕಲ್ಲ."

ಶೋಭನಾ ಮೊದಲು ನೀರಿನ ಆಮ್ಲ-ಕ್ಷಾರದ ಮಟ್ಟ ಹೇಳುವ ಪಿಎಚ್ ನೋಡಿದಳು. ಬೋರ್ ನೀರು, ಎಂಟು ದಾಟಿತ್ತು. "ಏಳೂವರೆ ಹತ್ತಿರ ಇದ್ರೆ ಕ್ಲೋರಿನ್‌ಗೆ ಬಲ. ಮೊದಲು ಆಸಿಡ್ ಹಾಕಿ ಇಳಿಸೋಣ. ಆದ್ರೆ ಆಸಿಡ್, ಕ್ಲೋರಿನ್ ಯಾವತ್ತೂ ಒಂದೇ ಬಕೆಟ್ಟಿಗೆ ಬೀಳಬಾರದು."

"ಅದು ನಾನು ಹೇಳ್ತೀನಿ ಕೇಳು. ಪಟ್ಟರೆಲಿ ಒಬ್ಬ ಹಾಗೆ ಬೆರೆಸಿ, ಎದ್ದ ವಿಷಗಾಳಿಗೆ ನಾವೆಲ್ಲ ಕೆಮ್ಮುತ್ತಾ ರಸ್ತೆಗೆ ಓಡಿದ್ವಿ." ಕೈಗವಸು, ಕನ್ನಡಕ ತಂದವರೂ ರಂಗಸಾಮಿಯೇ. ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಆಸಿಡ್ ಎಂದು ಇಂದುಜಾಗೆ ತೋರಿಸಿದವರೂ ಅವರೇ.

ಪಂಪು ಓಡುತ್ತಲೇ ಇತ್ತು. ಪಿಎಚ್ ಇಳಿದ ಮೇಲೆ, ಬಿಸಿಲು ಹೋದ ಹೊತ್ತಿನಲ್ಲಿ, ಡಬ್ಬದ ಮೇಲೆ ಬರೆದ ಅಳತೆಯಂತೆ ಹೆಚ್ಚು ಕ್ಲೋರಿನ್ ಹಾಕಿದರು. ಬಿಸಿಲಿನಲ್ಲಿ ಹಾಕಿದರೆ ಅದು ಬೇಗ ಕಳೆದುಹೋಗುತ್ತದೆ.

ಮರುದಿನ, ಶುಕ್ರವಾರ ಬೆಳಿಗ್ಗೆ, ಕೊಳವೆಯಲ್ಲಿ ಗುಲಾಬಿಯ ಸುಳಿವೇ ಇರಲಿಲ್ಲ. ವಳ್ಳಿಯಮ್ಮನ ಮುಖ ಬಾಡಿತು. ಇಂದುಜಾ ಫೋನ್ ಮಾಡಿದರೆ, ಊರಿಗೆ ಮರಳಿದ್ದ ಶೋಭನಾ ಹೇಳಿದಳು. "ನೀರಲ್ಲಿ ಉಳಿದಿರೋ ಹೈಪೋ ನಿನ್ನೆಯ ಕ್ಲೋರಿನ್ನೆಲ್ಲ ನುಂಗಿದೆ ಅಷ್ಟೇ. ಸಂಜೆ ಮತ್ತೆ ಹಾಕು. ಫಿಲ್ಟರ್ ನಿಲ್ಲಿಸಬೇಡ. ಗೋಡೆ ಉಜ್ಜು."

ರಂಗಸಾಮಿ ಉದ್ದನೆಯ ಬ್ರಷ್ ಹಿಡಿದು ಗೋಡೆ ಉಜ್ಜಿದರು. ಫಿಲ್ಟರಿನಲ್ಲಿ ಕೂತ ಕೊಳೆಯನ್ನು ನೀರು ಹಿಂದಕ್ಕೆ ಹರಿಸಿ ತೊಳೆದರು. ಶನಿವಾರ ಮಜ್ಜಿಗೆ ಹೋಗಿ ಎಳನೀರಾಯಿತು. ಭಾನುವಾರ ಬೆಳಿಗ್ಗೆ ಆಳದ ಕಡೆ ಬಗ್ಗಿ ನೋಡಿದರೆ, ತಳದ ಜಾಲರಿಯ ಒಂದೊಂದು ಕಂಡಿಯೂ ಕಾಣುತ್ತಿತ್ತು. ಪರೀಕ್ಷೆಯಲ್ಲಿ ಕ್ಲೋರಿನ್ ಲೀಟರಿಗೆ ಒಂದರಿಂದ ಮೂರು ಮಿಲಿಗ್ರಾಂ ನಡುವೆ, ಇರಬೇಕಾದಷ್ಟೇ. ಇಂದುಜಾ ಅದನ್ನು ಎರಡನೇ ಸಲ ನೋಡಿ, ಮೂರನೇ ಸಲವೂ ನೋಡಿ, ಗೇಟು ತೆಗೆದಳು.

ಹೆಂಗಸರು ಬಂದರು. ಸೋಪು ಹಚ್ಚಿ ಮೈ, ತಲೆ ತೊಳೆದ ಮೇಲೆಯೇ ನೀರು. ಇಂದುಜಾಳ ಚೂಡಿದಾರ ತೊಟ್ಟ ವಳ್ಳಿಯಮ್ಮ ಮೆಟ್ಟಿಲವರೆಗೆ ನಾಚುತ್ತ ಬಂದರು. ನೀರು ಸೊಂಟಕ್ಕೆ ಬಂದದ್ದೇ ತಡ, ಹಾ ಎಂದು ಕೂಗಿ ಕೈ ಬೀಸಿದರು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಅಲ್ಲಿಂದ ಇಲ್ಲಿಗೆ.

"ಅತ್ತೆ, ಸಾಕು, ಉಸಿರು ತಗೊಳ್ಳಿ!" ಇಂದುಜಾ ಕೊಳದ ಉದ್ದಕ್ಕೂ ಜೊತೆಜೊತೆಗೆ ಓಡಿದಳು.

"ಹೋಗಮ್ಮ! ಇಷ್ಟು ವರ್ಷ ಉಸಿರು ತಗೊಂಡಿದ್ದೇ ಆಯ್ತು!"

ನಕ್ಕ ಹೆಂಗಸರು ಒಬ್ಬೊಬ್ಬರಾಗಿ ನೀರಿಗೆ ಇಳಿದರು.

ಓದುತ್ತಿರುವ ನೀವೂ ನಿಮ್ಮ ಮಕ್ಕಳನ್ನು ಶಾಲೆಯ, ಅಪಾರ್ಟ್‌ಮೆಂಟಿನ, ರೆಸಾರ್ಟಿನ ಕೊಳಕ್ಕೆ ಕಳಿಸುತ್ತೀರಿ. ಮೊದಲು ಅಂಚಿನಲ್ಲಿ ನಿಂತು ನೋಡಿ. ಆಳದಲ್ಲೂ ತಳ ಕಾಣದಿದ್ದರೆ ಇಳಿಸಬೇಡಿ. ಇವತ್ತು ಕ್ಲೋರಿನ್ ಎಷ್ಟಿದೆ, ಪಿಎಚ್ ಎಷ್ಟಿದೆ ಎಂದು ನಾಚದೆ ಕೇಳಿ. ಮೂಗನ್ನು ನಂಬಬೇಡಿ, ಪರೀಕ್ಷೆಯನ್ನು ನಂಬಿ. ಕೊಳ ನಿಮ್ಮದೇ ಆದರೆ ಹೆಚ್ಚು ಕ್ಲೋರಿನ್ ಹಾಕಿದ ಮೇಲೆ ಅದು ಲೀಟರಿಗೆ ಮೂರು ಮಿಲಿಗ್ರಾಂಗೆ ಇಳಿಯುವವರೆಗೆ ಯಾರನ್ನೂ ಬಿಡಬೇಡಿ. ಮಕ್ಕಳು ಮೈ ತೊಳೆದು, ಮೂತ್ರ ಮಾಡಿ ಬಂದೇ ಇಳಿಯಲಿ. ನೀರು ಎಷ್ಟೇ ತಿಳಿಯಾಗಿದ್ದರೂ ದೊಡ್ಡವರೊಬ್ಬರ ಕಣ್ಣು ಅವರ ಮೇಲಿರಲಿ.

ಅಂದು ಸಂಜೆ ಎಲ್ಲರೂ ಹೋದ ಮೇಲೆ ರಂಗಸಾಮಿ ಮೀಸೆ ತಿರುವಿ ನೀರಿಗೆ ಇಳಿದರು. ಅಮರಾವತಿ ಹೊಳೆಯನ್ನೇ ಈಜಿ ದಾಟಿದವನು ನಾನು ಎಂದು ಮದುವೆಯಾದಂದಿನಿಂದ ಹೆಂಡತಿಗೆ ಹೇಳುತ್ತ ಬಂದವರು.

"ನೋಡ್ಕೊ ವಳ್ಳಿ, ಈಜು ಅಂದ್ರೆ ಇದು!"

ಎದೆಮಟ್ಟದ ನೀರಿನಲ್ಲಿ ಅವರ ಕೈಗಳು ಗಂಭೀರವಾಗಿ ಬೀಸುತ್ತಿದ್ದವು. ಮೆಟ್ಟಿಲ ಮೇಲೆ ಕೂತ ವಳ್ಳಿಯಮ್ಮನಿಗೆ ತಿಳಿನೀರಿನಲ್ಲಿ ಅವರ ಎರಡು ಪಾದಗಳು ಸ್ಪಷ್ಟವಾಗಿ ಕಂಡವು. ತಳದ ಮೇಲೆ ಒಂದರ ಹಿಂದೊಂದು ಹೆಜ್ಜೆ ಇಡುತ್ತ ನಡೆಯುತ್ತಿದ್ದವು.

"ಹೇಗಿತ್ತು?" ಎಂದು ಅವರು ಏದುಸಿರು ಬಿಡುತ್ತ ಕೇಳಿದರು.

"ಚೆನ್ನಾಗಿತ್ತುಂಗ" ಎಂದರು ವಳ್ಳಿಯಮ್ಮ. ಈ ಸಂಗತಿಯನ್ನು ಸೊಸೆಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ಅವರು ಅಲ್ಲೇ ತೀರ್ಮಾನಿಸಿಬಿಟ್ಟರು.